ಐದಕ್ಕೆ ನಾಲ್ಕು

ನನ್ನಣ್ಣ ಭೂಗೋಳದ ಪ್ರಾಧ್ಯಾಪಕ. ಪ್ರಪಂಚದ ನಕ್ಷೆಯನ್ನು ಕಣ್ಣು ಮುಚ್ಚಿ ಬರೆಯಬಲ್ಲ, ಆದರೆ ಬಸ್ ನಿಲ್ದಾಣದ ದಾರಿಯನ್ನು ಇವತ್ತಿಗೂ ನನ್ನನ್ನೇ ಕೇಳುತ್ತಾನೆ. ಇಂಥವನನ್ನು ಕಾಲೇಜಿನವರು ಅಂತರರಾಷ್ಟ್ರೀಕರಣ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದರು. ಹೊರದೇಶದ ವಿದ್ಯಾರ್ಥಿಗಳನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ, ಹೊರದೇಶಗಳ ಜೊತೆ ಎಷ್ಟು ಒಡನಾಟವಿದೆ ಎಂದು ಕಾಲೇಜು ತನಗೆ ತಾನೇ ಅಂಕ ಕೊಟ್ಟುಕೊಂಡು ಶಿಕ್ಷಣ ಮಂಡಳಿಗೆ ಕಳಿಸಬೇಕು. ಪ್ರತಿ ಅಂಶಕ್ಕೂ ಐದರವರೆಗೆ ಅಂಕ.

ನಾನು ಅದೇ ಕಾಲೇಜಿನಲ್ಲಿ ಆ ಹೊರಗಿನ ಮಕ್ಕಳಿಗೆ ಇಲ್ಲಿನ ಭಾಷೆ ಕಲಿಸುತ್ತಿದ್ದೆ. ತಾತ್ಕಾಲಿಕ ಕೆಲಸ. ತರಗತಿ ಎಂದರೆ ಪ್ರಯೋಗಾಲಯದ ಹಿಂದಿನ ಉಗ್ರಾಣ. ಒಂದು ಕಡೆ ಮುರಿದ ಸ್ಟೂಲುಗಳು, ಇನ್ನೊಂದು ಕಡೆ ನಾವು. ಬೇರೆ ಪಾಠಗಳಲ್ಲಿ ಪಿಳಿಪಿಳಿ ಕಣ್ಣು ಬಿಡುತ್ತಿದ್ದ ಮಕ್ಕಳು ಇಲ್ಲಿ ಬಂದು ಬಾಯಿ ಬಿಡುತ್ತಿದ್ದರು. ಅವರಲ್ಲೊಬ್ಬನಿಗೆ ಉದ್ದಣ್ಣ ಎಂದು ಹೆಸರಿಟ್ಟಿದ್ದೆವು. ಬಾಗಿಲಿಗೆ ತಲೆ ತಾಗಿಸಿಕೊಳ್ಳದೆ ಒಳಗೆ ಬಂದವನೇ ಅಲ್ಲ. ಅವನು ಕಲಿತ ಮೊದಲ ಪೂರ್ತಿ ವಾಕ್ಯ, "ಅಯ್ಯೋ, ಮತ್ತೆ ತಾಗ್ತು!"

ಒಂದು ದಿನ ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಿದೆ. "ಭಾಷಾ ನೆರವು ಅಂತ ಒಂದು ಸಾಲಿದೆಯಲ್ಲ, ಅದಕ್ಕೆ ಎರಡು ಕೊಡು. ಸರಿಯಾದ ರೂಮಿಲ್ಲ, ಪುಸ್ತಕ ಇಲ್ಲ, ಇರೋಳು ನಾನೊಬ್ಳೇ. ಇದ್ದದ್ದು ಇದ್ದ ಹಾಗೆ ಬರಿ."

"ನಿನ್ನ ಕೆಲಸಕ್ಕೆ ಎರಡಾ? ಅದೂ ನನ್ನ ಕೈಯಾರೆ? ಸುಮ್ನೆ ಊಟ ಮಾಡು," ಎಂದ.

ಸಮಿತಿಗೆ ತನ್ನದೇ ಒಂದು ಪದ್ಧತಿಯಿತ್ತು. ಐದು ಕೊಟ್ಟುಕೊಂಡರೆ ಮಂಡಳಿಯವರು ನೋಡಲು ಬರುತ್ತಾರೆ, ಮೂರಕ್ಕೋ ಕೆಳಕ್ಕೋ ಇಳಿದರೆ ಸುಧಾರಣೆಯ ಯೋಜನೆ ಬರೆಯಬೇಕು. ಹಾಗಾಗಿ ಎಲ್ಲದಕ್ಕೂ ನಾಲ್ಕು. ಹೊರದೇಶದ ಕಾಲೇಜಿನ ಜೊತೆಗಿನ ಒಪ್ಪಂದಕ್ಕೆ ನಾಲ್ಕು. ಆ ಕಾಲೇಜು ಬಾಗಿಲು ಹಾಕಿಕೊಂಡಿತ್ತು, ಅದು ಬೇರೆ ಮಾತು. ವಿದೇಶಿ ಅತಿಥಿಗಳಿಗೆ ನಾಲ್ಕು. ದಾರಿ ತಪ್ಪಿ ಒಳಗೆ ಬಂದ ಪ್ರವಾಸಿಯೊಬ್ಬರಿಗೆ ಕುರ್ಚಿ ಕೊಟ್ಟದ್ದೂ ಲೆಕ್ಕಕ್ಕೆ ಬಂತು. ನನ್ನ ಸಾಲಿಗೂ ನಾಲ್ಕು ಬಿತ್ತು. ಉಳಿದವರು ಸೋಮಾರಿತನಕ್ಕೆ ಹಾಕಿದರು, ನನ್ನಣ್ಣ ಪ್ರೀತಿಗೆ ಹಾಕಿದ. ಒಳ್ಳೆಯ ಅಂಕ ಕಂಡು ಮಂಡಳಿ ತಂಗಿಯನ್ನು ಕಾಯಂ ಮಾಡುತ್ತದೆ ಎಂದು ಪಾಪ, ನಂಬಿ ಕೂತಿದ್ದ.

ಮಂಡಳಿಯ ಉತ್ತರ ಬಂತು. ನೆರವಿನ ಹಣ ಏನಿದ್ದರೂ ಹಿಂದುಳಿದ ಕಡೆಗಳಿಗೆ. ನಿಮ್ಮಲ್ಲಿ ಭಾಷಾ ಬೋಧನೆ ಈಗಾಗಲೇ ಉತ್ತಮವಾಗಿದೆ, ಅಭಿನಂದನೆಗಳು. ನನ್ನ ಸಂಬಳ ಆ ಹಣದಿಂದಲೇ ಬರುತ್ತಿದ್ದುದರಿಂದ ಅಭಿನಂದನೆಯ ಜೊತೆಗೇ ನನ್ನ ಕೆಲಸವೂ ಹೋಯಿತು.

ಅಣ್ಣ ಮಂಡಳಿಯ ಕಚೇರಿಗೆ ಓಡಿದ. ನಾಲ್ಕನ್ನು ಎರಡು ಮಾಡಿ ಎಂದು ಬೇಡಿಕೊಂಡ. ಅಲ್ಲಿನ ಗುಮಾಸ್ತ ನಕ್ಕುಬಿಟ್ಟ. "ಏನ್ ಸಾರ್, ನಿಮ್ಮ ಕಾಲೇಜು ಚೆನ್ನಾಗಿಲ್ಲ ಅಂತ ಹೇಳೋಕೆ ಇಷ್ಟು ದೂರ ಬಂದ್ರಾ?"

ಕೊನೆಯ ತರಗತಿ ಮುಗಿದ ಮೇಲೆ ಉದ್ದಣ್ಣ ಒಬ್ಬನೇ ಉಳಿದ. "ಇನ್ಮೇಲೆ ಪಾಠ ಅರ್ಥ ಆಗ್ಲಿಲ್ಲ ಅಂದ್ರೆ ಯಾರನ್ನ ಕೇಳ್ಲಿ, ಟೀಚರ್?" ಒಂದು ತಪ್ಪೂ ಇಲ್ಲದೆ ಕೇಳಿದ. ಅವತ್ತು ಅವನು ತಲೆ ತಗ್ಗಿಸಿಕೊಂಡೇ ಹೊರಗೆ ಹೋದ, ಬಾಗಿಲು ತಾಗಲಿಲ್ಲ. ಪರೀಕ್ಷೆಗೆ ಮುಂಚೆಯೇ ಓದು ಬಿಟ್ಟು ತನ್ನ ದೇಶಕ್ಕೆ ಹೊರಟುಹೋದನೆಂದು ಆಮೇಲೆ ತಿಳಿಯಿತು.

ಅದು ತಿಳಿದ ದಿನ ನಾನು ಅಣ್ಣನ ಜೊತೆ ಮಾತು ಬಿಟ್ಟೆ. ಒಂದೇ ಮನೆಯಲ್ಲಿ ಮುಖ ತಿರುಗಿಸಿಕೊಂಡು ಓಡಾಡುವುದು ಎಷ್ಟು ದಿನ ನಡೆದೀತು? ಒಂದು ಸಂಜೆ ಅವನೇ ಬಂದು ಎದುರಿಗೆ ಕೂತ.

"ಅಣ್ಣನಾಗಿ ನಂಗೆಷ್ಟು ಕೊಡ್ತೀಯ? ಐದಕ್ಕೆ. ಇದ್ದದ್ದು ಇದ್ದ ಹಾಗೆ ಹೇಳು."

ಎರಡು ಎನ್ನಲು ಬಾಯಿ ತೆರೆದೆ. ಅವನ ಮುಖ ನೋಡಿದೆ.

"ನಾಲ್ಕು," ಎಂದೆ.

ಅಣ್ಣ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ನಾಲ್ಕು ಎಂದರೆ ಎಷ್ಟು ಎಂದು ಅವನಿಗೆ ಗೊತ್ತಿತ್ತು.