ಚುರುಕಮ್ಮನ ಕೈ

ಮುದುಕನಿಗೆ ಅರುಳುಮರುಳು ಎಂದು ನಗುವವರು ಫೋನನ್ನು ಇಲ್ಲೇ ಕೆಳಗಿಡಿ. ಬೆಳಿಗ್ಗೆ ತಿಂದದ್ದು ನನಗೆ ಮರೆತಿರಬಹುದು, ಚುರುಕಮ್ಮನನ್ನು ಮರೆತಿಲ್ಲ. ಅಷ್ಟಕ್ಕೂ ನೆನಪು ತಲೆಯಲ್ಲೇ ಇರುತ್ತದೆಂದು ನಿಮಗೆ ಹೇಳಿದವರು ಯಾರು? ಅವಳದು ಕೈಯಲ್ಲಿತ್ತು.

ಅಂಚೆಯ ವಿಂಗಡಣೆ ಕೋಣೆಯಲ್ಲಿ ಅವಳ ಕೆಲಸ. ಎದುರಿಗೆ ಗೋಡೆಯಗಲದ ಮರದ ಖಾನೆಗಳು, ಊರಿಗೊಂದು. ಕಣ್ಣು ಊರಿನ ಹೆಸರನ್ನು ಮುಟ್ಟುವಷ್ಟರಲ್ಲಿ ಕೈ ಕಾಗದವನ್ನು ಎಸೆದಾಗಿರುತ್ತಿತ್ತು. ಯಾರಿಗೆ ಬಂದದ್ದೆಂದು ಓದುತ್ತ ಕೂತರೆ ಚೀಲ ಕಟ್ಟುವುದು ಯಾವಾಗ?

ಅಂಚೆಯನ್ನು ಕಂಪನಿಗೆ ಮಾರುತ್ತಾರೆಂದು ಸುದ್ದಿ ಬಂದಾಗ ಖುಷಿಪಟ್ಟವಳು ಅವಳೊಬ್ಬಳೇ. ಅಕ್ಕನ ಗಂಡ ಪೇಟೆಯಲ್ಲಿ ಕಾಗದ ಹಂಚುವವನು, ಮನೆ ಗುಡ್ಡದ ಹಳ್ಳಿಯಲ್ಲಿ. ಅವನೊಂದಿಗೆ ವಾದಕ್ಕೇ ನಿಂತಳು.

"ಬೆವರು ಸುರಿಸೋಳಿಗೂ ಅಷ್ಟೇ ಸಂಬಳ, ಕುರ್ಚಿ ಬಿಸಿ ಮಾಡೋನಿಗೂ ಅಷ್ಟೇ. ಮಾಲೀಕ ಅಂತ ಒಬ್ಬ ಬರ್ಲಿ ಬಿಡಿ ಭಾವ, ದುಡಿಯೋರು ಯಾರು ಅಂತ ಗೊತ್ತಾಗ್ಲಿ."

"ಮಾಲೀಕ ಹಾಲು ಕೊಡೋ ಹಸೂಗೆ ಹುಲ್ಲು ಹಾಕ್ತಾನೆ ಕಣಮ್ಮ. ನಮ್ಮ ಗುಡ್ಡ ಗೊಡ್ಡು."

ಆ ಗೊಡ್ಡು ಗುಡ್ಡದ ಮೇಲೆ, ಭಾವನ ಮನೆಯಲ್ಲೇ, ಅವಳ ತಾಯಿಯೂ ಇದ್ದಳು. ಕಣ್ಣಿನೊಳಗೆ ಒತ್ತಡ ಏರಿ ನೋಟ ಮಂಜಾಗುತ್ತಿತ್ತು. ತಡವಾದರೆ ಇರುವ ನೋಟವೂ ಹೋಗುತ್ತದೆ, ಮತ್ತೆ ಮರಳದು ಎಂದಿದ್ದರು ಡಾಕ್ಟರು. ಆಪರೇಷನ್ನಿನ ದಿನ ತಿಳಿಸುವ ಕಾರ್ಡು ಅಂಚೆಯಲ್ಲಿ ಬರಬೇಕು. ಅಲ್ಲಿ ಫೋನಿನ ಸಿಗ್ನಲ್ಲು ಮರದ ಮೇಲಿನ ಕಾಗೆಯಂತೆ, ಇದ್ದರೆ ಇತ್ತು.

ಕಂಪನಿ ಬಂದದ್ದೇ ಖಾನೆಗಳನ್ನು ಅದಲುಬದಲು ಮಾಡಿತು. ಎದೆಮಟ್ಟದಲ್ಲಿದ್ದ ಗುಡ್ಡದ ಖಾನೆ ನೆಲದ ಮೂಲೆಗೆ ಇಳಿಯಿತು. ಅಲ್ಲಿನ ಚೀಲ ತುಂಬಿದರೆ ಗಾಡಿ, ಇಲ್ಲದಿದ್ದರೆ ಕಾಯುವುದು. ಎದೆಮಟ್ಟಕ್ಕೆ ಪೇಟೆ ಬಂತು. ಅದಕ್ಕೆ ದಿನಾ ಗಾಡಿ.

ಚುರುಕಮ್ಮನ ತಲೆ ಒಪ್ಪಿತು, ಕೈ ಒಪ್ಪಲಿಲ್ಲ. ಗುಡ್ಡದ ಕಾಗದಗಳು ಹಳೆಯ ಜಾಗಕ್ಕೇ ಹೋಗಿ ಬೀಳುತ್ತಿದ್ದವು. ಪೇಟೆಯ ಚೀಲದಲ್ಲಿ ಅವು ಸಿಕ್ಕಾಗ ಭಾವ ಪಿಟಿಕ್ಕೆನ್ನದೆ ಜೋಳಿಗೆಗೆ ಹಾಕಿಕೊಂಡು, ಸಂಜೆ ಮನೆಗೆ ಹೋಗುವಾಗ ಹಂಚುತ್ತಿದ್ದ.

"ಚುರುಕಮ್ಮ ಅಂತ ಹೆಸರಿಟ್ಟೋರು ಯಾರ್ರೀ?" ಎಂದ ಮೇಲ್ವಿಚಾರಕ, ಪೇಟೆಯ ಖಾನೆಯಲ್ಲಿ ಗುಡ್ಡದ ಕಾಗದ ಕಂಡು. "ತಿಂಗಳ ಕೊನೇಲಿ ಪರೀಕ್ಷೆ. ಹಿಂಗೇ ಆದ್ರೆ ಬೇರೆಯೋರ್ನ ಇಟ್ಕೋತೀವಿ."

ಅವಮಾನದಿಂದ ಅವಳಿಗೆ ಅನ್ನ ಸೇರಲಿಲ್ಲ. ಬಾಡಿಗೆ ಕೋಣೆಯ ಗೋಡೆಗೆ ಸೀಮೆಸುಣ್ಣದಲ್ಲಿ ಖಾನೆ ಬರೆದು, ಇಸ್ಪೀಟೆಲೆ ಎಸೆದೆಸೆದು ಕೈಯನ್ನು ಪಳಗಿಸಿದಳು. ಪರೀಕ್ಷೆಯಲ್ಲಿ ಒಂದೂ ತಪ್ಪಲಿಲ್ಲ.

"ಕಂಪನಿಗೆ ಬೇಕಿರೋದು ಇಂಥ ಕೈ ನೋಡಿ," ಎಂದ ಮೇಲ್ವಿಚಾರಕ, ಎಲ್ಲರ ಮುಂದೆ. ಇಷ್ಟು ವರ್ಷ ಅವಳು ಕಾದದ್ದು ಆ ಮಾತಿಗೇ.

ರಜೆ ಸಿಕ್ಕಾಗ ಗುಡ್ಡ ಹತ್ತಿದಳು. ಬಾಗಿಲಲ್ಲಿ ಕೂತಿದ್ದ ತಾಯಿ ಮುಖವೆತ್ತಿ, "ಯಾರು?" ಎಂದಳು.

ಭಾವ ಕಾರ್ಡನ್ನು ತಂದು ಮುಂದಿಟ್ಟ. "ಚೀಲ ತುಂಬೋವರೆಗೂ ಅಲ್ಲೇ ಕೂತಿತ್ತು. ಕೈಗೆ ಬಂದಾಗ ಅದ್ರಲ್ಲಿದ್ದ ದಿನ ದಾಟಿತ್ತು. ಆದ್ರೂ ಓಡಿದ್ವಿ. ಇನ್ನು ಆಪರೇಷನ್ ಮಾಡಿ ಪ್ರಯೋಜನ ಇಲ್ಲ ಅಂದ್ರು."

"ಪಾಪ, ಯಾರ ಕೈಲಿ ಸಿಕ್ಕಾಕ್ಕೊಂಡಿತ್ತೋ," ಎಂದಳು ತಾಯಿ. "ಬೈಬೇಡಿ. ಅವ್ರಿಗೂ ಹೊಟ್ಟೆಪಾಡು."

ಚುರುಕಮ್ಮ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಬೀಳ್ಕೊಡುವಾಗ ಭಾವ ಮೆಲ್ಲಗೆ ಹೇಳಿದ: "ನಿನ್ನ ಕೈ ತಪ್ಪೋದು ನಿಂತಾಗ್ಲೇ ನಂಗೆ ಭಯ ಆಗಿತ್ತಮ್ಮ."

ಮರುದಿನ ಕೆಲಸದಲ್ಲಿ, ನೆಲದ ಮೂಲೆಗೆ ಹೋಗುತ್ತಿದ್ದ ಕೈಯನ್ನು ಪ್ರತಿ ಸಲ ತಡೆದು, ಗುಡ್ಡದ ಕಾಗದಗಳನ್ನು ಒಂದೊಂದಾಗಿ ಎದೆಮಟ್ಟದ ಪೇಟೆಯ ಖಾನೆಗೆ ಹಾಕಿದಳು. ನಿಧಾನವಾಗಿ, ಹೊಸಬಳಂತೆ.

"ಮತ್ತೆ ಮರೆತ್ರಾ?" ಎಂದ ಮೇಲ್ವಿಚಾರಕ.

"ಇಲ್ಲ ಸರ್. ನೆನಪಿದೆ."

ಆ ವಾರವೇ ಅವಳನ್ನು ಬಿಡಿಸಿದರು. ತಾಯಿಗೆ ನೋಟ ಬರಲಿಲ್ಲ. ಗುಡ್ಡದ ಚೀಲ ಈಗಲೂ ತುಂಬಲೆಂದು ಕಾಯುತ್ತದೆ.

ಇದನ್ನು ನಾಲ್ಕು ಜನಕ್ಕೆ ಕಳಿಸಿ. ಅಂಚೆ ಮಾರಿದರೆ ಏನೀಗ ಎನ್ನುವವರಿಗೆ ಮೊದಲು. ಅವಳಿಗೆ ಕೆಲಸ ಬರುತ್ತಿರಲಿಲ್ಲ, ಅದಕ್ಕೇ ತೆಗೆದರು ಎಂದು ಯಾರಾದರೂ ಅಂದರೆ, ಸುಮ್ಮನಿರಬೇಡಿ, ಪೂರ್ತಿ ಹೇಳಿ.