ಸ್ಕ್ಯಾನ್ ಈಜುವುದಿಲ್ಲ

ಟೀಚರ್‌ಗೆ ಎಡಗಿವಿಯ ನರದ ಮೇಲೆ ಬೆಳೆದಿದ್ದ ಗೆಡ್ಡೆಗೆ ವಿಕಿರಣ ಚಿಕಿತ್ಸೆ ಮುಗಿದು ವರ್ಷವಾಗಿತ್ತು. ಹೋದಾಗಲೆಲ್ಲ ಡಾಕ್ಟರು ಸ್ಕ್ಯಾನ್ ನೋಡಿ, ಗೆಡ್ಡೆ ಬೆಳೆದಿಲ್ಲ, ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಿ ಎನ್ನುತ್ತಿದ್ದರು. ಟೀಚರ್ ಹೋದಳು. ಅವಳ ಕೆಲಸ ಈಜು ಕಲಿಸುವುದು.

ಆ ದಿನ ಧುಮುಕುವುದು ಹೇಗೆಂದು ತೋರಿಸಲು ಕೊಳದ ಆಳದ ಕಡೆ ತಾನೇ ಹಾರಿದಳು. ನೀರೊಳಗೆ ಈಜುವ ಕನ್ನಡಕ ಕಿತ್ತುಬಂತು, ಕಣ್ಣು ಮುಚ್ಚಿಕೊಂಡಳು. ಅಷ್ಟೇ, ಮೇಲು ಯಾವುದು ಕೆಳಗು ಯಾವುದು ಒಂದೂ ತಿಳಿಯದಾಯಿತು. ಮೇಲಕ್ಕೆಂದು ಕೈ ಚಾಚಿದರೆ ತಳದ ಟೈಲ್ಸು ತಗುಲಿತು. ಕೊಳದ ಕಾವಲುಗಾರ ಹಾರಿ ಮೇಲಕ್ಕೆ ಎಳೆದುಕೊಳ್ಳದಿದ್ದರೆ ಅವಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅಕ್ಕ ಸಮಾಧಾನ ಹೇಳಿದಳು. "ಹೋಗ್ಲಿ ಬಿಡೇ, ಜೀವ ಉಳಿದಿದೆಯಲ್ಲ."

"ಇನ್ನೊಂದ್ಸಲ ಆ ಮಾತಾಡಿದ್ರೆ ನೋಡಕ್ಕಾ! ಜೀವ ಉಳೀತು ಅಂತ ಬಾಯಿ ಮುಚ್ಕೊಂಡು ಬಿದ್ದಿರ್ಬೇಕಾ ನಾನು?"

ಡಾಕ್ಟರು ಎಂದಿನಂತೆ ಪರದೆಯ ಕಡೆಗೇ ತಿರುಗಿದರು. "ಸ್ಕ್ಯಾನ್ ಚೆನ್ನಾಗೇ ಇದೆಯಲ್ಲಮ್ಮಾ."

"ಸ್ಕ್ಯಾನ್ ಈಜಲ್ಲ ಸಾರ್, ಈಜೋಳು ನಾನು! ಎಡಗಿವೀಲಿ ಫೋನಿಟ್ರೆ ಬರೀ ಗೊಣಗಾಟ ಕೇಳುತ್ತೆ, ಕತ್ತಲಲ್ಲಿ ನಡೆದ್ರೆ ವಾಲ್ತೀನಿ ಅಂತ ಹೋದ ಸಲಾನೇ ಹೇಳಿದ್ದೆ. ಸುಸ್ತಿರಬೇಕು ಅಂದ್ರಿ. ಚಿಕಿತ್ಸೆ ಆದ್ಮೇಲೆ ಒಂದ್ಸಲನಾದ್ರೂ ಕಿವಿ ಪರೀಕ್ಷೆ ಮಾಡ್ಸಿದ್ರಾ?"

ಡಾಕ್ಟರು ಫೈಲಿನ ಹಾಳೆ ತಿರುವತೊಡಗಿದರು. ಅವಳು ಎದ್ದು, ಪಾದ ಜೋಡಿಸಿ ನಿಂತು ಕಣ್ಣು ಮುಚ್ಚಿದಳು. ನೋಡನೋಡುತ್ತಿದ್ದಂತೆ ಮೈ ಎಡಕ್ಕೆ ವಾಲಿತು. ಅಕ್ಕ ಚೀರಿ ತಬ್ಬಿ ಹಿಡಿದಳು. ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದು, "ಓಹ್" ಎಂದರು.

"ಓಹ್ ಅಂದ್ರೆ? ಮುಳುಗಿದ್ರೂ ಓಹ್ ಅಂತಿದ್ರಾ?"

ಅಂದೇ ಪರೀಕ್ಷೆಗಳಾದವು. ಎಡಗಿವಿಯಲ್ಲಿ ಮಾತು ಅರ್ಥವಾಗುವಷ್ಟು ಕೇಳಿಸುತ್ತಿರಲಿಲ್ಲ. ಆ ಕಿವಿಯಿಂದ ಮೈಗೆ ಮೇಲು ಕೆಳಗು ತಿಳಿಸುವ ಸಮತೋಲನದ ನರ ಹೆಚ್ಚುಕಡಿಮೆ ಸೋತೇಹೋಗಿತ್ತು. ವಿಕಿರಣದ ನಂತರ ಕಿವಿಯ, ಸಮತೋಲನದ ಶಕ್ತಿ ಹೀಗೆ ನಿಧಾನವಾಗಿ ಇಳಿಯುವುದುಂಟು, ಮೊದಲಿನಿಂದಲೂ ಅಳೆಯುತ್ತ ಬರಬೇಕಿತ್ತು, ತಪ್ಪಾಯಿತು ಎಂದು ಡಾಕ್ಟರು ಒಪ್ಪಿಕೊಂಡರು. ಪರವಾಗಿಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ, ಅನ್ನಲೂ ಇಲ್ಲ.

ಮೆತ್ತನೆಯ ದಿಂಬಿನ ಮೇಲೆ ನಿಲ್ಲುವ, ತಲೆ ತಿರುಗಿಸುತ್ತ ನಡೆಯುವ ವ್ಯಾಯಾಮ ಕಲಿಸಿದರು. ತಿಂಗಳುಗಳು ಕಳೆದ ಮೇಲೆ ನಡಿಗೆ ನೆಟ್ಟಗಾಯಿತು. ಆದರೆ ನೀರೊಳಗೆ ಮುಳುಗಬಾರದು ಎಂಬ ಡಾಕ್ಟರ ಮಾತು ಮಾತ್ರ ಬದಲಾಗಲಿಲ್ಲ. ಈಗ ಅವಳು ದಡದಲ್ಲೇ ನಿಂತು ಸೀಟಿ ಊದಿ ಕಲಿಸುತ್ತಾಳೆ. ಒಂದೊಂದು ದಿನ ಸಿಟ್ಟಿಗೆ ಸೀಟಿಯನ್ನೇ ಕಚ್ಚಿ ಹಿಡಿಯುತ್ತಾಳೆ.

ಮುಂದಿನ ಸಲ ಆಸ್ಪತ್ರೆಯ ಕೌಂಟರಿನವನು ಬರೀ ಸ್ಕ್ಯಾನ್‌ಗೆ ದಿನ ಕೊಟ್ಟ. ಟೀಚರ್ ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಮುಂದೆ ನುಗ್ಗಿದಳು.

"ಕಿವಿ ಪರೀಕ್ಷೆ ಯಾವಾಗ? ಸಮತೋಲನದ್ದು? ಅದನ್ನ ಬರ್ಕೊಡೋವರೆಗೂ ನಾವಿಲ್ಲಿಂದ ಕದಲಲ್ಲ!"