ಶಿವಲಿಂಗವ್ವ ಹೊಲಿದ ಹಾಳೆ

ಶಿವಲಿಂಗವ್ವ ಇನ್ನೆರಡು ಹಾಳೆ ಕೂಡಿಸಿ ಮಡಚಿದಳು, ಬೆನ್ನಿಗೆ ಮೂರು ತೂತು ಹಾಕಿದಳು, ಕಪ್ಪು ದಾರ ಎಳೆದು ಗಂಟು ಬಿಗಿದಳು. ನೂರಾ ಹದಿನೇಳು ಆಗಿದ್ದವು. ಇನ್ನು ಮೂರು. ತನ್ನ ಅಂತ್ಯಕ್ರಿಯೆಗೆ ಬಂದವರಿಗೆ ಹಂಚುವ ಹಾಳೆಗೆ ಪಿನ್ನು ಹೊಡೆಯಬಾರದು, ಶಿವಲಿಂಗವ್ವನೇ ಕೈಯಿಂದ ಹೊಲಿಯಬೇಕು ಎಂದು ಇಂಗರ್ ಸಾಯುವ ಮುಂಚೆಯೇ ಬರೆದಿಟ್ಟಿದ್ದಳು. ಎಂಟು ವರ್ಷ ಆಕೆಯ ನಾಟಕಗಳಿಗೆ ಬಟ್ಟೆ ಹೊಲಿದ ಕೈಗೆ ಕಡೆಯ ಮರ್ಯಾದೆ ಇರಬೇಕು ಅಂದುಕೊಂಡಳು ಶಿವಲಿಂಗವ್ವ. ಒಳಗೆ ಏನು ಅಚ್ಚಾಗಿತ್ತೋ, ಆಕೆಗೆ ತಿಳಿಯದು. ಓದಲು ಬರುತ್ತಿದ್ದ ಇಂಗ್ಲಿಷು ಬಸ್ಸಿನ ನಂಬರಿನಷ್ಟೇ.

ಮೆಲ್ಬರ್ನಿನ ಆ ಹಳೆಯ ಉಣ್ಣೆ ಗೋದಾಮಿನಲ್ಲಿ, ನಾಟಕ ಆಡುತ್ತಿದ್ದ ಜಾಗದಲ್ಲೇ ಈಗ ಇಂಗರಳ ಶವದ ಪೆಟ್ಟಿಗೆ ಇತ್ತು. ಡೆನ್ಮಾರ್ಕಿನಿಂದ ಕುಂಚ ಹಿಡಿದು ಸಿಡ್ನಿಗೆ ಬಂದ ಹೆಂಗಸು. ಚಿತ್ರ ಯಾರೂ ಕೊಳ್ಳಲಿಲ್ಲ. ಬೇರೆಯವರ ನಾಟಕಕ್ಕೆ ಪರದೆ ಬರೆದಳು, ಆಮೇಲೆ ತಾನೇ ನಾಟಕ ಆಡಿಸಿದಳು. ಆರು ನಾಟಕ ಖಾಲಿ ಕುರ್ಚಿಗಳ ಮುಂದೆ ನಡೆದವು. ಏಳನೆಯದು ಹೆಸರು ತಂದಿತು. ಅದರಲ್ಲಿ ದೀಪ ಆರಿದ ಮೇಲೆ ಕತ್ತಲೆಯೊಳಗಿಂದ ಒಬ್ಬ ಹೆಂಗಸು ಹಾಡಿಕೊಂಡು ಅಳುತ್ತಿದ್ದಳು. ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಆ ಅಳು ಶಿವಲಿಂಗವ್ವನದು.

ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಆಕೆ ಜೀವನ್ ಕೂತಿದ್ದ ಮೂಲೆಗೆ ಹೋದಳು. ಬೆಂಗಳೂರಿಂದ ಓದಲು ಬಂದು, ಕಾಯಂ ವಾಸಕ್ಕೆ ಪಿಆರ್ ಸಿಕ್ಕಿ, ಇಲ್ಲೇ ಧ್ವನಿಯ ಕೆಲಸಕ್ಕೆ ನಿಂತವನು ಅವನು.

"ಇವತ್ತ ನನ್ನ ಹಾಡು ಹಚ್ಚಬ್ಯಾಡಪ್ಪಾ."

"ವಿಲ್‌ನಲ್ಲೇ ಬರ್ದಿದಾರೆ ಆಂಟಿ. ಪ್ಲೇ ಮಾಡ್ಲೇಬೇಕು."

"ನನ್ನ ಮಗಳು ಪಲ್ಲವಿ ಬಂದಾಳ. ಆಕಿ ಮಾತಾಡೂದು ಇಂಗ್ಲಿಷ್ ಆದ್ರೂ ಕನ್ನಡ ಎಲ್ಲಾ ತಿಳೀತೈತಿ."

ಜೀವನ್ ತಲೆ ತಗ್ಗಿಸಿದ. ಆ ಅಳುವಿನಲ್ಲಿ ಏನಿದೆಯೆಂದು ಈ ಗೋದಾಮಿನಲ್ಲಿ ಬಲ್ಲವನು ಅವನೊಬ್ಬನೇ. ಕೆಲಸಕ್ಕೆ ಸೇರಿದ ದಿನವೇ ಅದನ್ನು ಕೇಳಿಸಿಕೊಂಡಿದ್ದ, ಆದರೆ ಒಂದು ದಿನವೂ ಆಕೆಯೆದುರು ಆ ಮಾತು ಎತ್ತಿರಲಿಲ್ಲ.

*

ಸಿಡ್ನಿಯಲ್ಲಿ ಗುಡಿಯ ಮರಗೆಲಸಕ್ಕೆಂದು ಧಾರವಾಡದ ಕಡೆಯಿಂದ ಬಂದವನು ಶಿವಲಿಂಗವ್ವನ ಗಂಡ ಮಡಿವಾಳಪ್ಪ. ಗುಡಿ ಮುಗಿದ ಮೇಲೆ ಇಂಗರಳ ನಾಟಕಗಳಿಗೆ ಮರದ ಮನೆ, ಮರದ ಹಡಗು ಕಟ್ಟಿಕೊಡುತ್ತಿದ್ದ. ಎರಡು ಸಾವಿರದ ಒಂದನೆಯ ಇಸವಿಯ ಒಂದು ಮುಂಜಾನೆ, ಬ್ಲ್ಯಾಕ್‌ಟೌನಿನ ಬಾಡಿಗೆ ಮನೆಯಲ್ಲಿ ಎದೆ ಹಿಡಿದುಕೊಂಡು ಕೂತ. ಇವತ್ತು ಹೋಗೋದಿಲ್ಲ ಅಂದ. ಹಿಂದಿನ ದಿನವೂ ಹೋಗಿರಲಿಲ್ಲ. ಸೋಗು ಸಾಕು, ಎದ್ದು ನಡಿ ಎಂದು ಶಿವಲಿಂಗವ್ವ ಅವನ ಚೀಲವನ್ನು ಬಾಗಿಲ ಹೊರಗೆ ಇಟ್ಟಳು. ಹತ್ತು ಗಂಟೆಗೆ ಅವನು ತಾನು ಕಟ್ಟುತ್ತಿದ್ದ ಹಡಗಿನ ಕೆಳಗೇ ಬಿದ್ದು ಸತ್ತ.

ಸುದ್ದಿ ತಿಳಿದು ಓಡಿಬಂದ ಆಕೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತನ್ನೂರಿನ ಹೆಂಗಸರು ಅಳುವಂತೆ ಅತ್ತಳು, ಹಾಡಿ ಅತ್ತಳು. ಎದಿ ಹಿಡಕೊಂಡು ಕುಂತಿದ್ದೆಲ್ಲೋ ನನ ರಾಜಾ, ನಾ ಸೋಗು ಅಂದ್ನೆಲ್ಲೋ, ಹೊಸ್ತಿಲ ದಾಟಿಸಿ ಕೊಂದ್ನೆಲ್ಲೋ ಅಂದಳು. ಈ ದೇಶದಲ್ಲಿ ಯಾರಿಗೆ ತಿಳಿಯುತ್ತದೆ ಎಂದು ಇದ್ದದ್ದನ್ನೆಲ್ಲ ಹೊರಗೆ ಹಾಕಿದಳು. ನಾಟಕದ ಸದ್ದುಗಳನ್ನು ಹಿಡಿಯುವ ಸಣ್ಣ ಯಂತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಇಂಗರ್ ಪಕ್ಕದಲ್ಲಿ ಮೊಣಕಾಲೂರಿದಳು. ಕಡೆಯವರೆಗೆ ಅದನ್ನು ನಿಲ್ಲಿಸಲಿಲ್ಲ.

ಮಣ್ಣು ಮಾಡಿದ ಮೂರನೆಯ ದಿನ ಇಂಗರ್ ಮನೆಗೆ ಬಂದಳು. ಅವಳ ಮಾತನ್ನು ತಾಯಿಗೆ ತಿಳಿಸಿದ್ದು ಹತ್ತು ವರ್ಷದ ಪಲ್ಲವಿ.

"ಅವ್ವಾ, ನೀ ಅತ್ತಿದ್ದು ಆಕಿಗೆ ನಾಟಕಕ್ಕ ಬೇಕಂತ." ಆಮೇಲೆ ಹುಡುಗಿ ತಾನಾಗಿಯೇ ಕೇಳಿದಳು, "ಏನಂತ ಅತ್ತಿದ್ದಿ?"

"ನಿಮ್ಮಪ್ಪ ನಕ್ಕೋತ ಹೋಗಿದ್ದ ಅಂತ."

ಶಿವಲಿಂಗವ್ವ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು, ಬಟ್ಟೆ ಹೊಲಿಯುತ್ತ ನಾಟಕದ ಜೊತೆ ಮೆಲ್ಬರ್ನಿಗೂ ಬಂದಳು. ಅಲ್ಲಿಂದ ಎಪ್ಪತ್ತೆರಡು ಆಟ. ಪರದೆಯ ಹಿಂದೆ ಸೂಜಿ ಹಿಡಿದು ಕೂತು, ಅರ್ಥ ತಿಳಿಯದ ನೂರಾರು ಜನರ ಮುಂದೆ ತಾನು ತಪ್ಪೊಪ್ಪಿಕೊಳ್ಳುವುದನ್ನು ತಾನೇ ಕೇಳಿದಳು. ಸುಳ್ಳು ಯಾಕೆ, ಕೇಳುತ್ತ ಕೇಳುತ್ತ ಎದೆ ಹಗುರಾಗುತ್ತಿತ್ತು. ಆಟವಿದ್ದ ದಿನ ಮಗಳನ್ನು ಮಾತ್ರ ಆ ಕಡೆ ಸುಳಿಯಗೊಡುತ್ತಿರಲಿಲ್ಲ.

*

ಈಗ ಪಲ್ಲವಿಗೆ ಹದಿನೆಂಟು. ಓದುತ್ತಿದ್ದ ಸಿಡ್ನಿಯಿಂದ ಮುಂಜಾನೆಯ ವಿಮಾನದಲ್ಲಿ ಬಂದಿದ್ದಳು. ತಪ್ಪದೆ ಬಾ ಎಂದು ಇಂಗರ್ ಹಾಸಿಗೆಯಿಂದಲೇ ಅವಳಿಗೆ ಕಾಗದ ಬರೆದಿದ್ದಳಂತೆ. ಮೊದಲ ಸಾಲಿನ ನಡುವಿನ ಕುರ್ಚಿಗೆ ಅವಳ ಹೆಸರಿನ ಚೀಟಿ ಅಂಟಿತ್ತು.

"ಆ ಹೊಸ್ತಿಲದ ಮಾತಷ್ಟೂ ನುಂಗಿಬಿಡೋ ನಮ್ಮಪ್ಪಾ," ಅಂದಳು ಶಿವಲಿಂಗವ್ವ. "ಇಷ್ಟ ವರ್ಷ ಆಕಿಗೆ ಬ್ಯಾರೆ ಹೇಳೇನಿ."

ಜೀವನ್ ಕಂಪ್ಯೂಟರಿನಲ್ಲಿ ಆ ಸಾಲು ಹುಡುಕಿ ಗುರುತು ಹಾಕಿದ. "ಒಂದು ನಿಮಿಷ ಮ್ಯೂಟ್ ಮಾಡ್ತೀನಿ ಆಂಟಿ. ಯಾರಾದ್ರೂ ಕೇಳಿದ್ರೆ ಮಷೀನ್ ಕೆಟ್ಟಿತ್ತು ಅಂತೀನಿ."

ಜನ ತುಂಬಿದರು. ಬಾಗಿಲಲ್ಲಿ ನಿಂತು ಶಿವಲಿಂಗವ್ವನೇ ಒಬ್ಬೊಬ್ಬರಿಗೂ ಹೊಲಿದ ಹಾಳೆ ಕೊಟ್ಟಳು. ಪಲ್ಲವಿಯ ಕೈಗೂ ಕೊಟ್ಟಳು. ಅವಳು ತಾಯಿಯ ಕೆನ್ನೆಗೆ ಕೆನ್ನೆ ತಾಗಿಸಿ, "ಬ್ಯೂಟಿಫುಲ್ ಸ್ಟಿಚಿಂಗ್, ಅವ್ವಾ," ಅಂದಳು.

ಅಳು ಶುರುವಾಯಿತು. ನನ ರಾಜಾ, ನನ ಮಡಿವಾಳಾ ಎಂಬ ಹೆಸರು ಡೆನ್ಮಾರ್ಕಿನ ಹೆಂಗಸಿನ ಪೆಟ್ಟಿಗೆಯ ಮೇಲೆ ಸುತ್ತಿತು. ಎದಿ ಹಿಡಕೊಂಡು ಎಂಬ ಮಾತು ಬರುವ ಜಾಗಕ್ಕೆ ಸರಿಯಾಗಿ ಧ್ವನಿ ನಿಂತಿತು. ಶಿವಲಿಂಗವ್ವ ಗೋಡೆಗೆ ಒರಗಿ ಉಸಿರು ಬಿಟ್ಟಳು.

ಆಗ ಒಂದೊಂದಾಗಿ ತಲೆಗಳು ಬಾಗಿದವು. ಸದ್ದು ನಿಂತ ಕಡೆಯಿಂದ ಜನ ಕೈಯಲ್ಲಿದ್ದ ಹಾಳೆಯ ಮೇಲೆ ಬೆರಳಿಟ್ಟು ಮುಂದಕ್ಕೆ ಓದತೊಡಗಿದರು. ಒಬ್ಬ ಮುದುಕಿ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಜೀವನ್ ತನ್ನ ಮೂಲೆಯಿಂದ ಎದ್ದು ಬಂದ. ಅವನ ಕೈಯಲ್ಲೂ ಹಾಳೆ ಇತ್ತು.

"ಹೋದ್ ವರ್ಷ ಇಂಗರ್ ಅರ್ಥ ಕೇಳಿದ್ರು ಆಂಟಿ. ಇಂಗ್ಲಿಷಲ್ಲಿ ಬರ್ದುಕೊಟ್ಟಿದ್ದೆ. ಪ್ರಿಂಟ್ ಮಾಡಿಸ್ತಾರೆ ಅಂತ ಗೊತ್ತಿರ್ಲಿಲ್ಲ. ಪೂರ್ತಿ ಇದೆ."

ಧ್ವನಿ ಮತ್ತೆ ಹತ್ತಿತು, ಮುಗಿಯಿತು. ಜನ ಎದ್ದು ಪೆಟ್ಟಿಗೆಯ ಕಡೆ ನಡೆದರು. ಮೊದಲ ಸಾಲಿನಲ್ಲಿ ಪಲ್ಲವಿ ಒಬ್ಬಳೇ ಕೂತಿದ್ದಳು. ತಾಯಿಯ ಕಡೆ ತಿರುಗಲಿಲ್ಲ. ಹಾಳೆಯ ಬೆನ್ನಿನ ಕಪ್ಪು ದಾರಕ್ಕೆ ಉಗುರು ಹಾಕಿ ಎಳೆಯುತ್ತಿದ್ದಳು. ಶಿವಲಿಂಗವ್ವನ ಹೊಲಿಗೆ ಅದು, ಬಿಚ್ಚಿಕೊಳ್ಳಲಿಲ್ಲ. ಅವಳು ಹಲ್ಲಿಗೆ ಕಚ್ಚಿ ಎಳೆದಳು.